ಮೇಣದಬತ್ತಿ ಆರಿದ ಮೇಲೆ ನೀರೇಕೆ ಏರಿತು? ಮನೆಯ ಪ್ರಯೋಗಗಳ ಬಗ್ಗೆ ಒಬ್ಬ ತಾಯಿಯ ಪ್ರಶ್ನೆ

ಪ್ರಶ್ನೆ: ನಾವು ಬೆಂಗಳೂರಿನ ರಾಜರಾಜೇಶ್ವರಿನಗರದ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಮಗಳಿಗೆ ಹತ್ತು ವರ್ಷ, ಮಗನಿಗೆ ಐದು. ರಜೆಯಲ್ಲಿ ಮೊಬೈಲ್ ಬಿಡಿಸಲೆಂದು ಮನೆಯಲ್ಲೇ ಸಣ್ಣಪುಟ್ಟ ವಿಜ್ಞಾನ ಪ್ರಯೋಗಗಳನ್ನು ಮಾಡಿಸಲು ಶುರುಮಾಡಿದೆ. ತಟ್ಟೆಯ ನೀರಿನಲ್ಲಿ ಮೇಣದಬತ್ತಿ ನಿಲ್ಲಿಸಿ, ಹಚ್ಚಿ, ಗಾಜಿನ ಲೋಟ ಕವುಚಿದೆವು. ಗಾಳಿಯಲ್ಲಿ ಐದನೇ ಒಂದು ಭಾಗ ಆಮ್ಲಜನಕ ಇರುವುದರಿಂದ ನೀರು ಲೋಟದ ಐದನೇ ಒಂದು ಭಾಗದವರೆಗೆ ಏರುತ್ತದೆ ಎಂದು ಅವಳ ಗೈಡಿನಲ್ಲಿದೆ. ನಮ್ಮಲ್ಲಿ ಒಮ್ಮೆ ಕಾಲು ಭಾಗಕ್ಕಿಂತ ಹೆಚ್ಚು ಏರಿತು, ಇನ್ನೊಮ್ಮೆ ಒಂದು ಬೆರಳಿನಷ್ಟೂ ಏರಲಿಲ್ಲ. ಟ್ಯೂಷನ್ ಮೇಷ್ಟ್ರು, ‘ನೀವು ಸರಿಯಾಗಿ ಮಾಡಿಲ್ಲ, ಐದನೇ ಒಂದು ಎಂದೇ ಬರೆದುಕೋ’ ಎಂದರಂತೆ. ಅಡುಗೆಗೆಂದು ತಂದಿದ್ದ ಡಿಜಿಟಲ್ ಥರ್ಮಾಮೀಟರಿನಲ್ಲಿ ಕುದಿಯುವ ನೀರು 97 ಡಿಗ್ರಿಯ ಆಚೆಗೆ ಹೋಗಲೇ ಇಲ್ಲ. ಈಗ ಮಗಳಿಗೆ ಉತ್ಸಾಹ ಇಳಿದಿದೆ. ಯಾವುದೋ ವಿಡಿಯೊದಲ್ಲಿ ಬಾಟಲಿ ಸಿಡಿದದ್ದನ್ನು ನೋಡಿದ ನಮ್ಮ ಅತ್ತೆಯವರು ಇದೆಲ್ಲ ಬೇಡವೇ ಬೇಡ ಎನ್ನುತ್ತಾರೆ. ಯಜಮಾನರು ದುಬಾರಿಯ ಕಿಟ್ ಒಂದನ್ನು ತರಿಸೋಣ ಎನ್ನುತ್ತಾರೆ. ನಾನು ಓದಿದ್ದು ಬಿ.ಕಾಂ., ಮಗಳು ‘ಯಾಕೆ’ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಮುಂದುವರಿಸಬೇಕೇ, ನಿಲ್ಲಿಸಬೇಕೇ?

ಉತ್ತರ: ಮುಂದುವರಿಸಿ. ನಿಮ್ಮ ಪತ್ರದಲ್ಲಿ ನಾಲ್ಕಾರು ಚಿಂತೆಗಳಿದ್ದರೂ ಅವುಗಳ ಬುಡದಲ್ಲಿರುವುದು ಒಂದೇ: ಪುಸ್ತಕ ಹೇಳಿದ್ದು ನಮ್ಮ ಮನೆಯಲ್ಲಿ ಬರಲಿಲ್ಲವೆಂದರೆ ನಾವೇ ಏನೋ ಕೆಡಿಸಿದ್ದೇವೆ ಎಂಬ ಅಳುಕು. ಶಾಲಾ ಶಿಕ್ಷಕರಿಗೆ ರಸಾಯನಶಾಸ್ತ್ರದ ತರಬೇತಿ ಕೊಡುವ ಕೆಲಸದಲ್ಲಿ ಈ ಅಳುಕನ್ನು ನಾನು ತಾಯಂದಿರಲ್ಲಿ ಮಾತ್ರವಲ್ಲ, ವಿಜ್ಞಾನದ ಪದವಿ ಪಡೆದ ಶಿಕ್ಷಕರಲ್ಲೂ ಕಾಣುತ್ತೇನೆ. ನಿಮ್ಮ ಮಗಳು ಕಂಡದ್ದು ಎರಡೂ ಸರಿ. ನೀರು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಏರಿದ್ದೂ ಸರಿ, 97 ಡಿಗ್ರಿಯೂ ಸರಿ. ತಪ್ಪಿರುವುದು ಗೈಡಿನ ವಿವರಣೆಯಲ್ಲಿ.

ಮೇಣದಬತ್ತಿಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಈ ತಪ್ಪು ವಿವರಣೆ ತಲೆಮಾರುಗಳಿಂದ ಗೈಡಿನಿಂದ ಗೈಡಿಗೆ ನಕಲಾಗುತ್ತ ಬಂದಿದೆ. ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇಕಡಾ 21 ಇರುವುದು ನಿಜ. ಆದರೆ ಮುಚ್ಚಿದ ಲೋಟದೊಳಗೆ ಮೇಣದಬತ್ತಿ ಅಷ್ಟನ್ನೂ ಉರಿಸಿ ಮುಗಿಸುವುದಿಲ್ಲ; ಆಮ್ಲಜನಕ ಶೇಕಡಾ 16ರ ಆಸುಪಾಸಿಗೆ ಇಳಿಯುತ್ತಿದ್ದಂತೆ ಜ್ವಾಲೆ ನಂದಿಹೋಗುತ್ತದೆ, ಅಂದರೆ ಇದ್ದ ಆಮ್ಲಜನಕದ ಬಹುಪಾಲು ಅಲ್ಲೇ ಉಳಿದಿರುತ್ತದೆ. ಖರ್ಚಾದ ಭಾಗವೂ ಜಾಗ ಖಾಲಿ ಮಾಡಿ ಹೋಗುವುದಿಲ್ಲ. ಮೇಣ ಉರಿದಾಗ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಹುಟ್ಟುತ್ತವೆ. ನೀರಾವಿ ತಣಿದು ಲೋಟದ ಒಳಮೈಯಲ್ಲಿ ಮಂಜಿನಂತೆ ಕೂರುತ್ತದೆ, ಆದರೆ ಖರ್ಚಾದ ಆಮ್ಲಜನಕದ ಸುಮಾರು ಮೂರನೇ ಎರಡು ಭಾಗದಷ್ಟು ಗಾತ್ರವನ್ನು ಇಂಗಾಲದ ಡೈಆಕ್ಸೈಡ್ ಮತ್ತೆ ತುಂಬಿಬಿಡುತ್ತದೆ, ಮತ್ತು ಅದು ಆ ಒಂದೆರಡು ನಿಮಿಷದಲ್ಲಿ ನೀರಿನಲ್ಲಿ ಕರಗುವುದು ಅತ್ಯಲ್ಪ. ಈ ಲೆಕ್ಕದಲ್ಲಿ ಆಮ್ಲಜನಕ ಖರ್ಚಾದ ಕಾರಣಕ್ಕೆ ನೀರು ಏರಬೇಕಾದದ್ದು ಲೋಟದ ಶೇಕಡಾ ಎರಡರಷ್ಟೂ ಇಲ್ಲ.

ಹಾಗಾದರೆ ಉಳಿದ ನೀರನ್ನು ಮೇಲೆಳೆದದ್ದು ಯಾವುದು? ಉರಿಯುವ ಬತ್ತಿಯ ಮೇಲೆ ಲೋಟ ಇಳಿಸುವಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ ಮತ್ತು ಅದರ ಒಂದು ಪಾಲು ಲೋಟದ ಅಂಚಿನಿಂದ ಹೊರಗೆ ಹೋಗುತ್ತದೆ. ಜ್ವಾಲೆ ನಂದಿದ ಮೇಲೆ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿಯ ಒತ್ತಡ ತಟ್ಟೆಯ ನೀರನ್ನು ಒಳಕ್ಕೆ ನೂಕುತ್ತದೆ. ಲೋಟವನ್ನು ಜ್ವಾಲೆಯ ಮೇಲೆ ಒಂದು ಕ್ಷಣ ಹಿಡಿದು ನಿಧಾನವಾಗಿ ಇಳಿಸಿದರೆ ಬಿಸಿಗಾಳಿ ಹೆಚ್ಚು ತುಂಬಿಕೊಂಡು ನೀರು ಹೆಚ್ಚು ಏರುತ್ತದೆ. ಸರಕ್ಕನೆ ಕವುಚಿದರೆ ಸಾಮಾನ್ಯವಾಗಿ ಕಡಿಮೆ. ನಿಮ್ಮಲ್ಲಿ ಎರಡು ಬಾರಿ ಎರಡು ಫಲಿತಾಂಶ ಬಂದದ್ದಕ್ಕೆ ಇದೇ ಕಾರಣ ಇರಬೇಕು.

ಈ ಮಾತನ್ನೂ ಮಗಳು ನನ್ನ ಮೇಲಿನ ನಂಬಿಕೆಯಿಂದ ಒಪ್ಪಬೇಕಾಗಿಲ್ಲ, ಅವಳೇ ಪರೀಕ್ಷಿಸಬಹುದು. ಮೊದಲನೆಯದಾಗಿ, ನೀರಿಗೆ ಒಂದು ಚಿಟಿಕೆ ಕುಂಕುಮವನ್ನೋ ಎರಡು ಹನಿ ಇಂಕನ್ನೋ ಹಾಕಿ, ಕಣ್ಣನ್ನು ಲೋಟದ ಮಟ್ಟಕ್ಕೆ ತಂದು ನೋಡಲಿ. ಆಮ್ಲಜನಕ ಖರ್ಚಾಗುವುದೇ ಕಾರಣವಾಗಿದ್ದರೆ ಬತ್ತಿ ಉರಿಯುತ್ತಿರುವಷ್ಟು ಹೊತ್ತೂ ನೀರು ಒಂದೇ ಸಮನೆ ಏರುತ್ತಿರಬೇಕಿತ್ತು. ಹಾಗಾಗುವುದಿಲ್ಲ. ಉರಿಯುವಾಗ ನೀರು ಬಹುಮಟ್ಟಿಗೆ ಇದ್ದಲ್ಲೇ ಇರುತ್ತದೆ, ಕೆಲವೊಮ್ಮೆ ಅಂಚಿನಿಂದ ಗುಳ್ಳೆಗಳು ಹೊರಬರುತ್ತವೆ. ಜ್ವಾಲೆ ಸಣ್ಣದಾಗಿ, ನಂದಿ, ಬಿಳಿ ಹೊಗೆಯ ಎಳೆಯೊಂದು ಎದ್ದ ಮೇಲೆ ನೀರು ಸರಸರನೆ ಏರುತ್ತದೆ. ಎರಡನೆಯದಾಗಿ, ಒಂದರ ಬದಲು ಮೂರು ಬತ್ತಿ ಇಟ್ಟು ಅದೇ ಲೋಟ ಕವುಚಲಿ. ಲೋಟದಲ್ಲಿರುವ ಆಮ್ಲಜನಕ ಅಷ್ಟೇ, ಆದರೆ ನೀರು ಮೊದಲಿಗಿಂತ ಹೆಚ್ಚು ಏರುತ್ತದೆ. ಮೂರನೆಯದು ನನಗೆ ಅತ್ಯಂತ ಪ್ರಿಯವಾದದ್ದು, ಏಕೆಂದರೆ ಅದರಲ್ಲಿ ಬೆಂಕಿಯೇ ಇಲ್ಲ: ದಪ್ಪ ಗಾಜಿನ ಲೋಟಕ್ಕೆ ಗೀಸರಿನ ಬಿಸಿನೀರು ತುಂಬಿ, ಅರ್ಧ ನಿಮಿಷ ಬಿಟ್ಟು, ಚೆಲ್ಲಿ, ತಕ್ಷಣ ತಣ್ಣೀರಿನ ತಟ್ಟೆಯ ಮೇಲೆ ಕವುಚಿ. ಮೇಣದಬತ್ತಿಯಿಲ್ಲದೆಯೂ ನೀರು ಒಳಗೆ ಏರುವುದನ್ನು ನೋಡಿದ ಮಗುವಿಗೆ ಆಮ್ಲಜನಕದ ಕಥೆಯನ್ನು ಮತ್ತೆ ಒಪ್ಪಿಸುವುದು ಕಷ್ಟ. ಲೋಟಕ್ಕೆ ಕುದಿಯುವ ನೀರು ಮಾತ್ರ ಹಾಕಬೇಡಿ, ಗಾಜು ಬಿರಿಯಬಹುದು.

ಗಾಳಿಯ ಐದನೇ ಒಂದು ಭಾಗವನ್ನು ಕಣ್ಣಾರೆ ಕಾಣಬೇಕೆಂದರೆ ಅದಕ್ಕೆ ಬೇರೆ ಪ್ರಯೋಗವಿದೆ, ಅದು ನಿಧಾನದ್ದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ನವಿರಾದ ಸ್ಟೀಲ್ ವುಲ್ಲನ್ನು ವಿನೆಗರಿನಲ್ಲಿ ಕೆಲವು ನಿಮಿಷ ನೆನೆಸಿದರೆ ಅದರ ಮೇಲಿನ ಎಣ್ಣೆಯ ಲೇಪ ಹೋಗುತ್ತದೆ. ಅದನ್ನು ನೀರಿನಲ್ಲಿ ಜಾಲಿಸಿ, ಹಿಂಡಿ, ಕವುಚಿದಾಗ ಕೆಳಗೆ ಬೀಳದಂತೆ ಎತ್ತರದ ಲೋಟದ ತಳದಲ್ಲಿ ತುರುಕಿ, ನೀರಿರುವ ತಟ್ಟೆಯ ಮೇಲೆ ಕವುಚಿ ಒಂದೆರಡು ದಿನ ಬಿಡಿ. ಕಬ್ಬಿಣ ತುಕ್ಕು ಹಿಡಿಯುವಾಗ ಆಮ್ಲಜನಕವನ್ನು ಕಟ್ಟಿಕೊಳ್ಳುತ್ತದೆ, ಬದಲಿಗೆ ಬೇರೆ ಅನಿಲವನ್ನು ಬಿಡುವುದಿಲ್ಲ. ಬಿಸಿಯ ಗೊಂದಲವೂ ಇಲ್ಲ. ಇಲ್ಲಿ ನೀರು ನಿಜವಾಗಿಯೂ ಐದನೇ ಒಂದು ಭಾಗದ ಹತ್ತಿರಕ್ಕೆ ಏರುತ್ತದೆ. ಪಾತ್ರೆ ತಿಕ್ಕುವ ಸಾಮಾನ್ಯ ಸ್ಟೀಲ್ ಸ್ಕ್ರಬ್ಬರ್ ತುಕ್ಕು ಹಿಡಿಯದ ಉಕ್ಕಿನದ್ದಾಗಿರುವುದರಿಂದ ಅದನ್ನು ಬಳಸಿದರೆ ವಾರ ಕಾದರೂ ಏನೂ ಆಗದು. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಏನಾದರೂ ಒಯ್ಯಬೇಕಾದರೆ ಈ ಎರಡು ಲೋಟಗಳನ್ನು ಅಕ್ಕಪಕ್ಕ ಇಡುವುದು ಯಾವ ಜ್ವಾಲಾಮುಖಿಯ ಮಾದರಿಗಿಂತಲೂ ಮೇಲು.

ಪರೀಕ್ಷೆಯಲ್ಲಿ ಏನು ಬರೆಯಬೇಕು ಎಂಬ ಪ್ರಶ್ನೆ ಉಳಿಯುತ್ತದೆ, ಅದನ್ನು ತೇಲಿಸಿಬಿಡುವುದು ನ್ಯಾಯವಲ್ಲ. ಮೇಷ್ಟ್ರೊಡನೆ ವಾದಕ್ಕಿಳಿಯುವ ಬದಲು ಮಗಳು ತನ್ನ ಟಿಪ್ಪಣಿ ಪುಸ್ತಕವನ್ನು ಅವರಿಗೆ ತೋರಿಸಿ, ‘ಮೂರು ಬತ್ತಿ ಇಟ್ಟಾಗ ಹೆಚ್ಚು ಏರಿತು, ಏಕೆ ಸರ್?’ ಎಂದು ಕೇಳಲಿ. ನನ್ನ ಅನುಭವದಲ್ಲಿ ಹೆಚ್ಚಿನ ಶಿಕ್ಷಕರು ಅಲ್ಲಿಗೆ ಸ್ವತಃ ಯೋಚಿಸಲು ತೊಡಗುತ್ತಾರೆ. ಅಷ್ಟಾದ ಮೇಲೂ ಗೈಡಿನ ವಾಕ್ಯವೇ ಬೇಕೆಂದರೆ ಉತ್ತರಪತ್ರಿಕೆಗೆ ಅದನ್ನು ಬರೆಯಲಿ, ಟಿಪ್ಪಣಿ ಪುಸ್ತಕದಲ್ಲಿ ಮಾತ್ರ ಕಂಡದ್ದನ್ನೇ ಬರೆಯಲಿ. ಅಂದ ಹಾಗೆ, ಮೈಕೇಲ್ ಫ್ಯಾರಡೆ 1860ರ ಕ್ರಿಸ್‌ಮಸ್ ರಜೆಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಕ್ಕಳಿಗೆಂದು ಆರು ಉಪನ್ಯಾಸಗಳನ್ನು ಕೊಟ್ಟದ್ದು ಒಂದು ಮೇಣದಬತ್ತಿಯನ್ನು ಮುಂದಿಟ್ಟುಕೊಂಡೇ. ಒಂದೇ ಬತ್ತಿಯಲ್ಲಿ ರಜೆಯೆಲ್ಲ ಕಳೆಯುವಷ್ಟು ಸಾಮಗ್ರಿಯಿದೆ.

ಇನ್ನು 97 ಡಿಗ್ರಿ. ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ ಎಂಬುದು ಸಮುದ್ರಮಟ್ಟದ ವಾಯುಒತ್ತಡಕ್ಕೆ ಹೇಳಿದ ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನಮ್ಮ ಮೇಲಿರುವ ಗಾಳಿ ಅಷ್ಟು ಕಡಿಮೆ, ಒತ್ತಡವೂ ಸುಮಾರು ಹತ್ತನೇ ಒಂದು ಭಾಗದಷ್ಟು ಕಡಿಮೆ. ಆವಿಯ ಒತ್ತಡ ಹೊರಗಿನ ಒತ್ತಡಕ್ಕೆ ಸಮನಾದಾಗ ನೀರು ಕುದಿಯುತ್ತದೆ, ಆದ್ದರಿಂದ ಇಲ್ಲಿ ಅದು 97ರ ಸುಮಾರಿಗೇ ಕುದಿಯಬೇಕು. ನಿಮ್ಮ ಥರ್ಮಾಮೀಟರ್ ಊರಿನ ಎತ್ತರವನ್ನೇ ಅಳೆದುಕೊಟ್ಟಿದೆ. ಅದರ ಪ್ರಾಮಾಣಿಕತೆಯ ಮೇಲೆ ಅನುಮಾನವಿದ್ದರೆ ಪುಡಿಮಾಡಿದ ಐಸಿಗೆ ಸ್ವಲ್ಪ ನೀರು ಬೆರೆಸಿ ಕಲಕಿ ಅದರಲ್ಲಿ ಅದ್ದಿ ನೋಡಿ, ಸೊನ್ನೆಯ ಹತ್ತಿರ ತೋರಿಸಿದರೆ ಅದು ನೆಟ್ಟಗಿದೆ. ಮಂಗಳೂರಿನಲ್ಲೋ ಉಡುಪಿಯಲ್ಲೋ ನೆಂಟರಿದ್ದರೆ ಮುಂದಿನ ಸಲ ಅದನ್ನು ಚೀಲಕ್ಕೆ ಹಾಕಿಕೊಂಡು ಹೋಗಿ; ಅಲ್ಲಿ 100ರ ಹತ್ತಿರ ತೋರಿಸುವುದನ್ನು ನೋಡಿದಾಗ ವಾಯುಒತ್ತಡದ ಪಾಠ ಬೇರೆ ಬೇಕಾಗುವುದಿಲ್ಲ. ಅಳೆಯುವಾಗ ಕಡ್ಡಿ ಪಾತ್ರೆಯ ತಳಕ್ಕೆ ತಾಗದಿರಲಿ, ಪಾತ್ರೆಯ ಬಳಿ ನೀವೇ ನಿಲ್ಲಿ. ಜ್ವರ ನೋಡುವ ಥರ್ಮಾಮೀಟರನ್ನು ಬಿಸಿನೀರಿಗೆ ಎಂದೂ ಅದ್ದಬೇಡಿ: ಅದರ ಅಳತೆ 42 ಡಿಗ್ರಿಯ ಆಸುಪಾಸಿನಲ್ಲೇ ಮುಗಿಯುತ್ತದೆ, ಹಳೆಯ ಪಾದರಸದ್ದಾದರೆ ಒಡೆದು ಪಾದರಸ ಚೆಲ್ಲುತ್ತದೆ, ಅದರ ಆವಿ ವಿಷ.

ಉಪ್ಪು ಹಾಕಿದರೆ ನೀರು ಬೇಗ ಕುದಿಯುತ್ತದೆ ಎಂಬ ಅಡುಗೆಮನೆಯ ನಂಬಿಕೆಯನ್ನೂ ಇದೇ ಹೊತ್ತಿನಲ್ಲಿ ಪರೀಕ್ಷಿಸಬಹುದು. ಉಪ್ಪು ಕುದಿಬಿಂದುವನ್ನು ಏರಿಸುತ್ತದೆಯೇ ಹೊರತು ಇಳಿಸುವುದಿಲ್ಲ, ಅದೂ ಲೀಟರಿಗೆ 58 ಗ್ರಾಂ ಸುರಿದರೆ ಸುಮಾರು ಒಂದು ಡಿಗ್ರಿ ಮಾತ್ರ. ಒಂದು ಚಮಚ ಉಪ್ಪಿನ ಪರಿಣಾಮ ನಿಮ್ಮ ಥರ್ಮಾಮೀಟರಿಗೆ ಗೊತ್ತಾಗುವುದೂ ಇಲ್ಲ.

ನಿಮ್ಮ ಅತ್ತೆಯವರ ಭಯವನ್ನು ಹಳೆಯ ಕಾಲದವರ ಅಂಜಿಕೆ ಎಂದು ತಳ್ಳಿಹಾಕಬೇಡಿ. ಅವರು ಹೇಳುತ್ತಿರುವುದರಲ್ಲಿ ಅರ್ಧ ಸಂಪೂರ್ಣ ಸರಿ. ಮನೆಯಲ್ಲಿರುವ ವಸ್ತುಗಳೆಲ್ಲ ನಿರಪಾಯಕಾರಿ ಎಂಬುದೇ ಈ ವಿಡಿಯೊಗಳು ಹಬ್ಬಿಸಿರುವ ದೊಡ್ಡ ಸುಳ್ಳು. ಟಾಯ್ಲೆಟ್ ತೊಳೆಯುವ ದ್ರವದಲ್ಲಿ ಹೆಚ್ಚಾಗಿ ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ. ಅದು ಬ್ಲೀಚಿಂಗ್ ಪೌಡರಿನೊಂದಿಗೆ ಸೇರಿದರೆ ಕ್ಲೋರಿನ್ ಅನಿಲ ಹೊರಬಂದು, ಗಾಳಿಯಾಡದ ಅಪಾರ್ಟ್‌ಮೆಂಟ್ ಬಾತ್‌ರೂಮಿನಲ್ಲಿ ಶ್ವಾಸಕೋಶಕ್ಕೆ ಕುತ್ತು ತರುತ್ತದೆ. ಸಿಂಕಿನ ಪೈಪು ಬಿಡಿಸುವ ಪುಡಿ ಕಾಸ್ಟಿಕ್ ಸೋಡಾ. ಅದನ್ನು ಅಲ್ಯೂಮಿನಿಯಂ ಫಾಯಿಲಿನೊಂದಿಗೆ ಬಾಟಲಿಗೆ ಹಾಕಿ ಮುಚ್ಚಳ ಬಿಗಿದರೆ ಹೈಡ್ರೋಜನ್ ಮತ್ತು ಭಾರೀ ಶಾಖ ಹುಟ್ಟಿ, ಬಾಟಲಿ ಒಡೆದು, ಸುಡುವ ಕ್ಷಾರ ಮುಖಕ್ಕೆ ಸಿಡಿಯುತ್ತದೆ. ಅವರು ಕಂಡ ವಿಡಿಯೊ ಬಹುಶಃ ಇಂಥದ್ದೇ. ಸ್ಯಾನಿಟೈಸರಿಗೆ ಬೆಂಕಿ ಹಚ್ಚುವ ಆಟವೂ ಅಷ್ಟೇ ಕೆಟ್ಟದ್ದು: ಮದ್ಯಸಾರದ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ, ಆರಿದೆ ಎಂದುಕೊಂಡು ಮಕ್ಕಳು ಮತ್ತೆ ಬಾಟಲಿ ಸುರಿಯುತ್ತಾರೆ. ಗೋಡೆಯ ಪ್ಲಗ್ಗಿನ 230 ವೋಲ್ಟ್, ಪಟಾಕಿಯಿಂದ ತೆಗೆದ ಮದ್ದು, ಇವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಯಾರೂ ಎಣಿಕೆಗೆ ಹಿಡಿಯದ ಇನ್ನೊಂದು ವಸ್ತುವೆಂದರೆ ಎಲೆಅಡಿಕೆಯ ಸುಣ್ಣ. ಆ ಪುಟ್ಟ ಡಬ್ಬಿಯನ್ನೋ ಟ್ಯೂಬನ್ನೋ ಒತ್ತಿದಾಗ ಸುಣ್ಣ ಕಣ್ಣಿಗೆ ಚಿಮ್ಮಿ ದೃಷ್ಟಿಗೇ ಹಾನಿಯಾದ ಮಕ್ಕಳನ್ನು ನಮ್ಮ ದೇಶದ ಕಣ್ಣಿನ ವೈದ್ಯರು ಹಿಂದಿನಿಂದಲೂ ನೋಡುತ್ತ ಬಂದಿದ್ದಾರೆ.

ಆದ್ದರಿಂದ ಗೆರೆಯನ್ನು ಇಲ್ಲಿ ಎಳೆಯಿರಿ: ಶುಚಿಗೊಳಿಸುವ ಸಾಮಾನುಗಳ ಕಪಾಟು ಪ್ರಯೋಗಕ್ಕೆ ಇಲ್ಲ, ತಿನ್ನುವ ಸಾಮಾನುಗಳ ಕಪಾಟು ಇದೆ. ಅಡುಗೆ ಸೋಡಾ, ನಿಂಬೆಹಣ್ಣು, ಹುಣಸೆಹಣ್ಣು, ವಿನೆಗರ್, ಅರಿಶಿನ, ಹಾಲು, ಸಕ್ಕರೆ ಇವುಗಳಿಂದ ಮಾಡಲು ಬೇಕಾದಷ್ಟಿದೆ. ಇದರೊಳಗೂ ಒಂದು ಷರತ್ತು: ಸೋಡಾ ಮತ್ತು ಹುಳಿ ಸೇರಿದ ಯಾವ ಪಾತ್ರೆಗೂ ಬಿಗಿ ಮುಚ್ಚಳ ಬೇಡ. ಬಾಟಲಿಯ ಬಾಯಿಗೆ ಬಲೂನು ಕಟ್ಟಿದರೆ ಅನಿಲ ಎಷ್ಟು ಬಂತೆಂದು ಕಾಣುತ್ತದೆ, ಹೆಚ್ಚಾದರೆ ಬಲೂನು ಕಳಚಿಕೊಳ್ಳುತ್ತದೆ, ಅಷ್ಟೇ. ಇದೇ ಮಿಶ್ರಣಕ್ಕೆ ಮಣ್ಣಿನ ಗುಡ್ಡ ಕಟ್ಟಿ ಕೆಂಪು ಬಣ್ಣ ಬೆರೆಸಿ ಜ್ವಾಲಾಮುಖಿ ಎನ್ನುವುದು ನೋಡಲು ಚೆಂದ, ಆದರೆ ಅದರಿಂದ ಮಗು ಜ್ವಾಲಾಮುಖಿಯ ಬಗ್ಗೆ ಕಲಿಯುವುದು ಏನೂ ಇಲ್ಲ. ನಿಜವಾದದ್ದರಲ್ಲಿ ಕರಗಿದ ಬಂಡೆಯೊಳಗೆ ಸೇರಿಕೊಂಡಿದ್ದ ಅನಿಲಗಳು ಒತ್ತಡ ಇಳಿದಾಗ ಹೊರನುಗ್ಗುತ್ತವೆ. ಅಲ್ಲಿ ಸೋಡಾ ಇಲ್ಲ, ನಿಂಬೆರಸವೂ ಇಲ್ಲ. ಅದಕ್ಕಿಂತ, ಒಂದು ಚಮಚ ಸೋಡಾದ ನೊರೆ ಪೂರ್ತಿ ನಿಲ್ಲಲು ಎಷ್ಟು ಚಮಚ ನಿಂಬೆರಸ ಬೇಕು, ಹುಣಸೆ ರಸವಾದರೆ ಎಷ್ಟು ಎಂದು ಅಳೆಯುವುದು ಒಳ್ಳೆಯ ಕೆಲಸ.

ಕಿಟ್ ತರಿಸಬಹುದು, ಅದರಲ್ಲಿ ದೋಷವಿಲ್ಲ. ಆದರೆ ಅದರೊಂದಿಗೆ ಎರಡು ಅಪಾಯಗಳು ಬರುತ್ತವೆ. ಕೆಲವು ಕಿಟ್‌ಗಳಲ್ಲಿ ‘ಪುಡಿ ಎ’, ‘ಪುಡಿ ಬಿ’ ಎಂದಷ್ಟೇ ಬರೆದ ಪೊಟ್ಟಣಗಳಿರುತ್ತವೆ; ಒಳಗೇನಿದೆ ಎಂದು ತಿಳಿಯದ ವಸ್ತು ಮಗುವಿನ ಬಾಯಿಗೋ ಕಣ್ಣಿಗೋ ಹೋದರೆ ವೈದ್ಯರಿಗೆ ಏನು ಹೇಳುತ್ತೀರಿ? ರಾಸಾಯನಿಕದ ಹೆಸರು ಮುದ್ರಿಸದ ಕಿಟ್ಟನ್ನು ಹಿಂದಿರುಗಿಸಿ. ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ, ಅದನ್ನೂ ನೋಡಿ. ಎರಡನೆಯ ಅಪಾಯ ದೇಹಕ್ಕಲ್ಲ, ಆಸಕ್ತಿಗೆ: ಸೂಚನೆಯಂತೆ ಮಾಡಿದರೆ ಒಂದು ಮಧ್ಯಾಹ್ನಕ್ಕೆ ಎಲ್ಲ ಮುಗಿಯುತ್ತದೆ, ಪುಡಿ ಖಾಲಿಯಾದ ಮೇಲೆ ‘ಹೀಗೆ ಮಾಡಿದರೆ?’ ಎಂದು ಮತ್ತೊಮ್ಮೆ ನೋಡಲು ಸಾಧ್ಯವಿರುವುದಿಲ್ಲ. ಹಣ ಕೊಡುವುದೇ ಆದರೆ ಒಂದು ಸಣ್ಣ ಡಿಜಿಟಲ್ ತಕ್ಕಡಿ, ಕೆಲವು ಡ್ರಾಪರ್, ಅಳತೆಯ ಸಿಲಿಂಡರ್, ಒಳ್ಳೆಯ ಭೂತಗನ್ನಡಿ ಕೊಳ್ಳಿ, ಅವು ವರ್ಷಗಟ್ಟಲೆ ಬರುತ್ತವೆ. ಬ್ಯಾಟರಿ, ಎಲ್‌ಇಡಿ, ತಂತಿಗಳಿಗೆ ಎಸ್‌.ಪಿ. ರಸ್ತೆಯ ಅಂಗಡಿಗಳಿವೆ. ದೊಡ್ಡ ಉಪಕರಣ ಬೇಕಾದವುಗಳಿಗೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ಚೌಡಯ್ಯ ರಸ್ತೆಯ ನೆಹರು ತಾರಾಲಯದ ವಿಜ್ಞಾನ ಉದ್ಯಾನ ಇವೆ. ಭಾನುವಾರದ ಜನಜಂಗುಳಿಯಲ್ಲಿ ಹೋಗಬೇಡಿ, ಗುಂಡಿ ಒತ್ತಲು ಸರದಿ ಕಾಯುವುದರಲ್ಲೇ ಮಕ್ಕಳು ಸುಸ್ತಾಗುತ್ತಾರೆ.

ನಿಮ್ಮ ಊರಿಗೆ, ನಿಮ್ಮ ಅಪಾರ್ಟ್‌ಮೆಂಟಿಗೇ ಹೇಳಿಮಾಡಿಸಿದ ಪ್ರಯೋಗವೊಂದನ್ನು ಸೂಚಿಸುತ್ತೇನೆ. ಬೆಂಗಳೂರಿನ ಅನೇಕ ಮನೆಗಳಿಗೆ ಎರಡು ಮೂರು ಬಗೆಯ ನೀರು ಬರುತ್ತದೆ: ನೂರು ಕಿಲೋಮೀಟರಿನಷ್ಟು ದೂರದ ತೊರೆಕಾಡನಹಳ್ಳಿಯಿಂದ ಪಂಪಾಗಿ ಬರುವ ಕಾವೇರಿ ನೀರು, ಬೋರ್‌ವೆಲ್ಲಿನ ಅಥವಾ ಟ್ಯಾಂಕರಿನ ನೀರು, ಅಡುಗೆಮನೆಯ ಆರ್‌ಒ ನೀರು. ಒಂದೇ ಅಳತೆಯ ಮೂರು ಪ್ಲಾಸ್ಟಿಕ್ ಬಾಟಲಿಗಳಿಗೆ ಈ ಮೂರನ್ನೂ ನೂರು ನೂರು ಮಿಲಿಲೀಟರ್ ಹಾಕಿ. ಬಟ್ಟೆ ಒಗೆಯುವ ಹಳೆಯ ಬಗೆಯ ಸೋಪನ್ನು ತುರಿದು ಆರ್‌ಒ ನೀರಿನಲ್ಲಿ ಕರಗಿಸಿಟ್ಟುಕೊಳ್ಳಿ. ಡಿಟರ್ಜೆಂಟ್, ಶಾಂಪೂ ಬೇಡ, ಅವು ಗಡಸು ನೀರಿನಲ್ಲೂ ನೊರೆ ಕೊಡುವಂತೆ ತಯಾರಾದವು. ಪ್ರತಿ ಬಾಟಲಿಗೂ ಸೋಪಿನ ನೀರನ್ನು ಐದೈದು ಹನಿಯಂತೆ ಹಾಕುತ್ತ, ಪ್ರತಿ ಸಲ ಹತ್ತು ಬಾರಿ ಕುಲುಕುತ್ತ, ನೊರೆ ಒಂದು ನಿಮಿಷ ಇಳಿಯದೆ ನಿಲ್ಲುವವರೆಗೆ ಎಷ್ಟು ಹನಿ ಬೇಕಾಯಿತೆಂದು ಮಗಳು ಎಣಿಸಿ ಬರೆಯಲಿ. ಆರ್‌ಒ ನೀರಿಗೆ ಕೆಲವೇ ಹನಿ ಸಾಕು. ಬೋರ್ ನೀರು ಗಡಸಾಗಿದ್ದರೆ ಹನಿಗಳ ಲೆಕ್ಕ ಏರುತ್ತಲೇ ಹೋಗುತ್ತದೆ, ನೊರೆಯ ಬದಲು ಬಿಳಿಯ ಚೂರುಗಳು ತೇಲತೊಡಗುತ್ತವೆ, ನೀರು ಮಸುಕಾಗುತ್ತದೆ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಸೋಪಿನೊಂದಿಗೆ ಸೇರಿ ಕರಗದ ವಸ್ತುವಾಗಿ ಬೀಳುತ್ತವೆ. ಅವೆಲ್ಲ ಮುಗಿದ ಮೇಲಷ್ಟೇ ಉಳಿದ ಸೋಪು ನೊರೆ ಕೊಡುತ್ತದೆ. ಬಕೆಟ್ಟಿನ ಒಳಗೆ ಕೂರುವ ಜಿಗುಟು ಬಿಳಿ ಪದರವೂ ಅದೇ.

ಹನಿಗಳನ್ನು ಹಾಕುವ ಮೊದಲು ಯಾವುದಕ್ಕೆ ಹೆಚ್ಚು ಬೇಕಾಗಬಹುದು, ಏಕೆ, ಎಂದು ಮಗಳು ತನ್ನ ಊಹೆಯನ್ನು ಬರೆದಿಡಬೇಕು. ಫಲಿತಾಂಶ ಕಂಡ ಮೇಲೆ ‘ನನಗೆ ಮೊದಲೇ ಗೊತ್ತಿತ್ತು’ ಎನ್ನುವುದು ದೊಡ್ಡವರಲ್ಲೂ ಇರುವ ಚಾಳಿ. ನೀರೊಂದನ್ನು ಬಿಟ್ಟು ಬೇರೆ ಯಾವುದೂ ಬದಲಾಗಬಾರದೆಂಬುದನ್ನು, ಅಂದರೆ ಅದೇ ಸೋಪು, ಅದೇ ಡ್ರಾಪರ್, ಅಷ್ಟೇ ಕುಲುಕಾಟ ಎಂಬುದನ್ನು, ನೀವು ಪಾಠ ಹೇಳುವ ಅಗತ್ಯವಿಲ್ಲ. ‘ಇದನ್ನು ಜೋರಾಗಿ ಕುಲುಕಿದೆಯಲ್ಲ, ಅದಕ್ಕೇ ನೊರೆ ಬಂತೇನೋ?’ ಎಂದು ಒಮ್ಮೆ ಕೇಳಿದರೆ ಸಾಕು. ನೀವು ಬಿ.ಕಾಂ. ಓದಿದ್ದು ಇಲ್ಲಿ ಕೊರತೆಯೇನಲ್ಲ, ಖಾನೆ ಗೀಚಿ ಲೆಕ್ಕ ಇಡುವುದು ನಿಮಗೆ ವಿಜ್ಞಾನ ಓದಿದ ಅನೇಕರಿಗಿಂತ ಚೆನ್ನಾಗಿ ಬರುತ್ತದೆ. ಕಾರಣ ತಿಳಿಯದಾಗ ‘ಗೊತ್ತಿಲ್ಲ, ಏನು ಮಾಡಿದರೆ ಗೊತ್ತಾಗಬಹುದು?’ ಎನ್ನಿ. ನೆನಪಿಗೆ ಬಂದ ಯಾವುದೋ ಕಾರಣವನ್ನು ಹೇಳಿಬಿಡುವುದರಿಂದಲೇ ಮೇಣದಬತ್ತಿಯ ಕಥೆ ಇಷ್ಟು ವರ್ಷ ಬಾಳಿದ್ದು.

ಈ ಪ್ರಯೋಗದಿಂದ ಮಗಳು ಒಂದು ತಪ್ಪು ತೀರ್ಮಾನಕ್ಕೆ ಬಾರದಂತೆ ನೋಡಿಕೊಳ್ಳಿ. ನೊರೆ ಕಡಿಮೆ ಬಂದ ನೀರು ಕೆಟ್ಟದ್ದು, ಹೆಚ್ಚು ಬಂದದ್ದು ಕುಡಿಯಲು ಒಳ್ಳೆಯದು ಎಂದರ್ಥವಲ್ಲ. ರೋಗಾಣುಗಳಿವೆಯೋ ಇಲ್ಲವೋ ಎಂಬುದನ್ನು ಸೋಪು ಹೇಳಲಾರದು. ಮುಂದುವರಿಸಬೇಕೆನಿಸಿದರೆ ಬೋರ್ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ಸೋಸಿ ಮತ್ತೆ ಹನಿ ಎಣಿಸಿ. ಗಡಸುತನದ ಒಂದು ಪಾಲು ಕುದಿಸುವಾಗಲೇ ಪಾತ್ರೆಯ ತಳದಲ್ಲಿ ಬಿಳಿ ಹಕ್ಕಳೆಯಾಗಿ ಕೂತುಬಿಡುವುದರಿಂದ ಲೆಕ್ಕ ಇಳಿಯಬಹುದು. ಆ ಬಿಳಿ ಹಕ್ಕಳೆಯನ್ನು ಕೆರೆದು ನಿಂಬೆರಸ ಹಾಕಿದರೆ ಸೋಡಾದಂತೆಯೇ ಗುಳ್ಳೆ ಏಳುತ್ತದೆ, ಏಕೆಂದರೆ ಅದು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್; ಮೊಟ್ಟೆಯ ಚಿಪ್ಪೂ ಅದೇ.

ಅತ್ತೆಯವರನ್ನು ಒಳಗೊಳ್ಳಲು ಅರಿಶಿನಕ್ಕಿಂತ ಒಳ್ಳೆಯ ದಾರಿ ಇಲ್ಲ. ಆರತಿಯ ನೀರು ಕೆಂಪಾಗುವುದು ಹೇಗೆಂದು ಮೊಮ್ಮಗಳು ಅವರನ್ನೇ ಕೇಳಲಿ. ಅರಿಶಿನಕ್ಕೆ ಸುಣ್ಣ ಬೆರೆತಾಗ ಅದರೊಳಗಿನ ಕರ್ಕ್ಯುಮಿನ್ ಎಂಬ ಬಣ್ಣ ಕ್ಷಾರಕ್ಕೆ ಸಿಕ್ಕಿ ಹಳದಿಯಿಂದ ಕೆಂಪಿಗೆ ತಿರುಗುತ್ತದೆ. ಅಂಗಿಯ ಮೇಲಿನ ಸಾರಿನ ಕಲೆ ಸೋಪು ತಗುಲಿದೊಡನೆ ಕೆಂಪಾಗಿ, ಜಾಲಿಸಿದಾಗ ಮತ್ತೆ ಹಳದಿಯಾಗುವುದೂ ಇದರಿಂದಲೇ. ಮಕ್ಕಳ ಕೈಗೆ ಸುಣ್ಣ ಕೊಡದೆ ಸೋಪಿನ ನೀರನ್ನೇ ಬಳಸಿ. ಅರಿಶಿನ ಕಲಸಿದ ನೀರನ್ನು ಬಿಳಿ ಕಾಗದಕ್ಕೆ ಬಳಿದು ಒಣಗಿಸಿ ಪಟ್ಟಿ ಕತ್ತರಿಸಿದರೆ ಪರೀಕ್ಷಾ ಕಾಗದ ಸಿದ್ಧ. ಟೂತ್‌ಪೇಸ್ಟ್, ಶಾಂಪೂ, ಅಡುಗೆ ಸೋಡಾ, ಮಜ್ಜಿಗೆ, ಯಾವುದು ಕೆಂಪಾಗಿಸುತ್ತದೆ ಎಂದು ಅವಳು ನೋಡಲಿ. ಅರಿಶಿನ ಹುಳಿಯನ್ನು ಗುರುತಿಸುವುದಿಲ್ಲ, ಹಳದಿಯಾಗಿಯೇ ಉಳಿಯುತ್ತದೆ; ಅದಕ್ಕೆ ನೀಲಿ ಶಂಖಪುಷ್ಪವನ್ನು ಬಿಸಿನೀರಿನಲ್ಲಿ ನೆನೆಸಿದ ರಸ ಬೇಕು, ನಿಂಬೆಗೆ ಅದು ನೇರಳೆ-ಗುಲಾಬಿಯಾಗುತ್ತದೆ.

ಹೆಪ್ಪು ಹಾಕುವುದೂ ಅಚ್ಚುಕಟ್ಟಾದ ಪ್ರಯೋಗ. ಒಂದೇ ಹಾಲನ್ನು ನಾಲ್ಕು ಬಟ್ಟಲಿಗೆ ಹಾಕಿ: ಉಗುರುಬೆಚ್ಚಗಿರುವಾಗ ಹೆಪ್ಪು ಬೆರೆಸಿದ್ದು, ಕುದಿ ಇಳಿದ ಕೂಡಲೇ ಬೆರೆಸಿದ್ದು, ಫ್ರಿಜ್ಜಿನಲ್ಲಿಟ್ಟದ್ದು, ಹೆಪ್ಪನ್ನೇ ಹಾಕದ್ದು. ಬೆಳಿಗ್ಗೆ ಯಾವುದು ಮೊಸರಾಗಿದೆ ಎಂಬುದರಲ್ಲಿ ಬ್ಯಾಕ್ಟೀರಿಯಾಗಳಿಗೆ ಯಾವ ಬಿಸಿ ಹಿತ ಎಂಬುದು ಕಾಣುತ್ತದೆ. ನಾಲ್ಕನೆಯ ಬಟ್ಟಲನ್ನು ಬಿಡಬೇಡಿ; ಅದಿಲ್ಲದಿದ್ದರೆ ಹೆಪ್ಪಿನಿಂದಲೇ ಮೊಸರಾಯಿತೆಂದು ಹೇಳಲು ಆಧಾರವಿರುವುದಿಲ್ಲ. ಪ್ರಯೋಗದ ಬಟ್ಟಲಿನದ್ದನ್ನು ಯಾರೂ ತಿನ್ನಬಾರದು.

ತಾರಸಿಗೆ ಹೋಗಲು ಅನುಮತಿಯಿದ್ದರೆ ಒಂದು ಮೀಟರ್ ಉದ್ದದ ನೆಟ್ಟನೆಯ ಕೋಲಿನ ನೆರಳನ್ನು ತಿಂಗಳಿಗೊಮ್ಮೆ ಅಳೆದು ಬರೆಯಿರಿ. ಸೂರ್ಯ ನಮ್ಮೂರಿನ ನೆತ್ತಿಯ ಸಾಲಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು ಹನ್ನೆರಡೂ ಇಪ್ಪತ್ತಕ್ಕೆ, ಏಕೆಂದರೆ ಭಾರತದ ಗಡಿಯಾರವನ್ನು ನಮಗಿಂತ ಪೂರ್ವದಲ್ಲಿರುವ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಲಾಗಿದೆ. ಡಿಸೆಂಬರ್ 21ರ ಸುಮಾರಿಗೆ ಆ ಹೊತ್ತಿನ ನೆರಳು 74 ಸೆಂಟಿಮೀಟರಿನಷ್ಟು ಉದ್ದವಾಗಿ ಉತ್ತರಕ್ಕೆ ಬೀಳುತ್ತದೆ. ಏಪ್ರಿಲ್ 24ರ ಆಸುಪಾಸಿನಲ್ಲಿ ನೆರಳೇ ಇರುವುದಿಲ್ಲ. ಜೂನ್ 21ರ ಹೊತ್ತಿಗೆ 18 ಸೆಂಟಿಮೀಟರಿನಷ್ಟು ನೆರಳು ದಕ್ಷಿಣಕ್ಕೆ ಬೀಳುತ್ತದೆ. ಆಗಸ್ಟ್ 18ರ ಸುಮಾರಿಗೆ ಮತ್ತೆ ಮಾಯ. ನೋಡಬೇಕಾದದ್ದು ನೆಲದ ಮೇಲಿನ ನೆರಳನ್ನು, ಸೂರ್ಯನನ್ನಲ್ಲ. ಭೂತಗನ್ನಡಿಯನ್ನೂ ಅಂದು ಮನೆಯೊಳಗೇ ಬಿಟ್ಟುಹೋಗಿ.

ಮಗನಿಗೆ ಐದೇ ವರ್ಷವಾದ್ದರಿಂದ ಅಕ್ಕನ ಪ್ರಯೋಗದಲ್ಲಿ ಅವನಿಗೆ ಎಣಿಸುವ, ಕುಲುಕುವ ಕೆಲಸ ಕೊಡಿ. ಹೆಸರುಕಾಳು ನೆನೆಸಿ ಮೊಳಕೆ ಬರಿಸುವುದು, ಯಾವುದು ತೇಲುತ್ತದೆ ಯಾವುದು ಮುಳುಗುತ್ತದೆ ಎಂದು ನೋಡುವುದು ಅವನದೇ ಆಗಿರಲಿ. ಬೆಂಕಿಯಿರುವ ಯಾವುದರ ಹತ್ತಿರವೂ ಅವನು ಬೇಡ. ಗುಂಡಿ ಬ್ಯಾಟರಿ ಮತ್ತು ಗೋಲಿಯಂಥ ಬಲವಾದ ಅಯಸ್ಕಾಂತಗಳನ್ನು ಬೀಗವಿರುವ ಕಡೆ ಇಡಿ. ನುಂಗಿದ ಗುಂಡಿ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಗಂಭೀರವಾಗಿ ಸುಡಬಲ್ಲದು, ಆದ್ದರಿಂದ ನುಂಗಿದ ಅನುಮಾನ ಬಂದರೂ ಕಾಯದೆ ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೋಗಿ, ವಾಂತಿ ಮಾಡಿಸಬೇಡಿ. ಮೇಣದಬತ್ತಿಯ ಪ್ರಯೋಗಕ್ಕೆ ಮಗಳು ಕೂದಲು ಕಟ್ಟಿ, ತೋಳು ಜೋಲುವ ನೈಲಾನ್ ಉಡುಪು ಬಿಟ್ಟು ಹತ್ತಿ ಬಟ್ಟೆ ಹಾಕಿಕೊಳ್ಳಲಿ, ಪಕ್ಕದಲ್ಲಿ ಒಂದು ಬಕೆಟ್ ನೀರಿರಲಿ. ಸುಟ್ಟ ಜಾಗಕ್ಕೆ ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರು ಹರಿಸಿ. ಟೂತ್‌ಪೇಸ್ಟ್, ಇಂಕು, ತುಪ್ಪ ಬಳಿಯಬೇಡಿ. ನಿಂಬೆರಸವಾಗಲಿ ಸೋಪಾಗಲಿ ಕಣ್ಣಿಗೆ ಸಿಡಿದರೆ ಉಜ್ಜಲು ಬಿಡದೆ, ರೆಪ್ಪೆ ಬಿಡಿಸಿ ಹಿಡಿದು ಧಾರಾಳವಾಗಿ ನೀರಿನಲ್ಲಿ ತೊಳೆಯಿರಿ. ಸುಣ್ಣ ಬಿದ್ದಿದ್ದರೆ ಕಾಣುವ ಚೂರುಗಳನ್ನು ಒದ್ದೆ ಹತ್ತಿಬಟ್ಟೆಯಿಂದ ತೆಗೆಯುತ್ತ ಕನಿಷ್ಠ ಇಪ್ಪತ್ತು ನಿಮಿಷ ತೊಳೆದ ಮೇಲೆಯೇ ಕಣ್ಣಿನ ಆಸ್ಪತ್ರೆಗೆ ಹೊರಡಿ. ಆ ಮೊದಲ ತೊಳೆತವನ್ನು ಆಸ್ಪತ್ರೆ ತಲುಪುವವರೆಗೆ ಮುಂದೂಡಿದರೆ ಕಣ್ಣಿಗೆ ಆಗುವ ಹಾನಿ ಹೆಚ್ಚುತ್ತದೆ.